ನನ್ನನ್ನೇ ಕೇಳಬೇಕಿತ್ತು

“ಅದು ನನಗೊಬ್ಬನಿಗೇ ಗೊತ್ತಿರುವುದು, ಏನು ಮಾಡುವುದು ಹೇಳಿ” ಎಂಬ ಮಾತನ್ನು ವರ್ಷಗಟ್ಟಲೆ ದೂರಿನ ದನಿಯಲ್ಲಿ ಹೇಳಿಕೊಂಡು ಬಂದವನು ನಾನು. ಮದುವೆ ಊಟದ ಪಂಕ್ತಿಯಿಂದ ಅರ್ಧಕ್ಕೆ ಏಳುವಾಗ ಹೇಳಿದ್ದೇನೆ. ಬಯಲಾಟದಲ್ಲಿ ಬಣ್ಣದ ವೇಷ ಬರುವ ಹೊತ್ತಿಗೆ ಸರಿಯಾಗಿ ಫೋನು ಹಿಡಿದು ಹೊರಗೆ ಹೋಗುವಾಗ ಹೇಳಿದ್ದೇನೆ. ಹೇಳುವಾಗ ಮುಖ ಸಿಂಡರಿಸಿಕೊಳ್ಳುತ್ತಿದ್ದೆ, ಒಳಗೆ ಹಿತವಾಗುತ್ತಿತ್ತು. ಆ ಹಿತ ಎಂಥದ್ದು, ಎಲ್ಲಿಂದ ಬಂತು ಎಂದು ನನ್ನನ್ನೇ ಕೇಳಿಕೊಂಡದ್ದು ತೀರ ಈಚೆಗೆ, ಅದು ಕೈತಪ್ಪಿ ಹೋದ ಮೇಲೆ.

ನನ್ನದು ಸರ್ವರ್ ನೋಡಿಕೊಳ್ಳುವ ಕೆಲಸ. ಮನೆ ಬದಿಯಡ್ಕದ ಹತ್ತಿರ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಕಾಸರಗೋಡು, ಮಂಗಳೂರು, ಬೆಂಗಳೂರು ಮೂರೂ ಕಡೆ ಅದಕ್ಕೆ ಸರ್ವರ್ ಕೋಣೆಗಳಿವೆ ಎಂದರೆ ಸಾಕು. ಈ ಕೋಣೆಗಳಲ್ಲಿ ಇರುವುದು ಕೆಲವೇ ದೊಡ್ಡ ಯಂತ್ರಗಳು. ಒಂದೊಂದು ಯಂತ್ರದ ಮೇಲೂ ಹೈಪರ್‌ವೈಸರ್ ಎಂಬ ತೆಳುವಾದ ಸಾಫ್ಟ್‌ವೇರ್ ಕುಳಿತು, ಅದರ ಮೆಮೊರಿ, ಪ್ರೊಸೆಸರ್, ಡಿಸ್ಕುಗಳನ್ನು ಪಾಲು ಮಾಡಿ, ಹತ್ತಾರು ವರ್ಚುವಲ್ ಯಂತ್ರಗಳನ್ನು ನಡೆಸುತ್ತದೆ. ಲೆಕ್ಕಪತ್ರದ್ದು ಒಂದು, ಹಾಜರಿಯದ್ದು ಒಂದು, ಸಂಬಳದ್ದು ಇನ್ನೊಂದು. ಪ್ರತಿಯೊಂದೂ ಇಡೀ ಯಂತ್ರ ತನ್ನದೇ ಎಂದುಕೊಂಡಿರುತ್ತದೆ. 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ವಿಎಂವೇರ್ ಕಂಪನಿ 2001ರಲ್ಲಿ ಇಎಸ್‌ಎಕ್ಸ್ ಎಂಬ ಹೈಪರ್‌ವೈಸರನ್ನು ತಂದಿತು. 2003ರಲ್ಲಿ ವಿಮೋಷನ್ ಬಂತು: ಓಡುತ್ತಿರುವ ವರ್ಚುವಲ್ ಯಂತ್ರವನ್ನು ನಿಲ್ಲಿಸದೆಯೇ ಒಂದು ಹೋಸ್ಟ್‌ನಿಂದ ಇನ್ನೊಂದಕ್ಕೆ ಸಾಗಿಸುವ ವಿದ್ಯೆ. ಹೋಸ್ಟ್ ಎಂದರೆ ಆ ದೊಡ್ಡ ಯಂತ್ರಗಳಲ್ಲೊಂದು. ಅದನ್ನು ಮೊದಲ ಸಲ ಕಂಡಾಗ ಆದ ಬೆರಗು ಇಷ್ಟು ವರ್ಷವಾದರೂ ಪೂರ್ತಿ ಇಳಿದಿಲ್ಲ.

ನಮ್ಮ ಮೂರು ಕೋಣೆಗಳನ್ನು ಯಾರೂ ಕೂತು ಯೋಜಿಸಿದ್ದಲ್ಲ. ಮಂಗಳೂರಿನದ್ದು ಮೊದಲು. ಅಲ್ಲಿ ಹಳತಾದ ಯಂತ್ರಗಳು ಕಾಸರಗೋಡಿಗೆ ಬಂದವು. ಬೆಂಗಳೂರಿನದ್ದನ್ನು ಬೇರೊಂದು ತಂಡ ಕಟ್ಟಿತು. ಒಂದೊಂದು ಕಡೆಯೂ ಹೋಸ್ಟ್‌ಗಳನ್ನೆಲ್ಲ ಒಟ್ಟಿಗೆ ನೋಡಿಕೊಳ್ಳುವ ವಿಸೆಂಟರ್ ಬೇರೆ, ಆವೃತ್ತಿ ಬೇರೆ, ಪಾಸ್‌ವರ್ಡ್ ಬೇರೆ, ಚಾಳಿ ಬೇರೆ. ಕಾಸರಗೋಡಿನ ಹೋಸ್ಟ್‌ಗಳಿಗೆ ಪೆರ್ಲ, ಬಾಯಾರು, ಮುಳ್ಳೇರಿಯ, ಅಡೂರು ಎಂದು ಹೆಸರಿಟ್ಟವನು ನಾನೇ. ಯಾವುದರ ಫರ್ಮ್‌ವೇರ್ ಯಾವಾಗ ಬದಲಾಯಿತು, ಯಾವ ಪ್ಯಾಚ್ ಹಾಕಿದರೆ ಯಾವ ನೆಟ್‌ವರ್ಕ್ ಕಾರ್ಡು ಮುನಿಸಿಕೊಳ್ಳುತ್ತದೆ ಎಂಬುದೆಲ್ಲ ಒಂದು ನೀಲಿ ರಟ್ಟಿನ ನೋಟುಬುಕ್ಕಿನಲ್ಲಿತ್ತು. ಅಕ್ಷರ ನನ್ನದು, ಸಂಕೇತಗಳೂ ನನ್ನವು. ಬೇರೆಯವರು ತೆರೆದರೂ ಉಪಯೋಗವಿಲ್ಲ.

ಬಾಯಾರು, ಎಣ್ಮಕಜೆ ಕಡೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುವುದುಂಟು. ಬಾಯಲ್ಲಿ ನೀರು ಹರಿಯುವುದು ಊರಿಗೆಲ್ಲ ಕಾಣುತ್ತದೆ. ಒಳಗೆ ಎಲ್ಲಿ ಕವಲೊಡೆದಿದೆ, ಎಲ್ಲಿ ಮಣ್ಣು ಸಡಿಲ ಎಂಬುದು ಕೊರೆದವನಿಗೆ ಮಾತ್ರ ಗೊತ್ತು. ನನ್ನ ಕೋಣೆ ಅಂಥದೇ ಆಗಿತ್ತು. ಅದು ಹಾಗೇ ಇರಲಿ ಎಂದು ನನಗೆ ಆಸೆಯೂ ಇತ್ತು.

ಈ ಆಸೆಯ ಬೇರು ಹುಡುಕುತ್ತ ಹೋದರೆ ಅಪ್ಪನ ಜಗಲಿಗೆ ಬಂದು ನಿಲ್ಲುತ್ತೇನೆ. ಅಪ್ಪ ಹುಟ್ಟಿದಾಗ ಕಾಸರಗೋಡು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ಕ್ಕೆ ಅದು ಕೇರಳಕ್ಕೆ ಸೇರಿತು. ಮನೆ, ತೋಟ, ದೈವಸ್ಥಾನ ಎಲ್ಲ ಇದ್ದಲ್ಲೇ ಇದ್ದವು, ಕಡತದ ಭಾಷೆ ಮಾತ್ರ ಮೆಲ್ಲಗೆ ಬದಲಾಯಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದಿತು. ಅದು ಜಾರಿಗೆ ಬರಲಿಲ್ಲ. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆ ನಮಗೆ ಸರಕಾರದೊಂದಿಗೆ ಕನ್ನಡದಲ್ಲೇ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶ ಕೊಟ್ಟಿದೆ. ಅಪ್ಪ ಶಾಲೆ ಮಾಸ್ತರರು. ಆ ಕಾಯ್ದೆಯನ್ನು ಬಾಯಿಪಾಠ ಮಾಡಿಕೊಂಡಿದ್ದರು. ಆದರೂ ಊರವರಿಗೆ ಬರುತ್ತಿದ್ದ ನೋಟೀಸುಗಳು ಮಲಯಾಳದಲ್ಲೇ ಇರುತ್ತಿದ್ದವು.

ಅಪ್ಪ ಕಷ್ಟಪಟ್ಟು ಮಲಯಾಳ ಓದಲು ಕಲಿತರು. ಆಮೇಲೆ ನಮ್ಮ ಜಗಲಿಯಲ್ಲಿ ಜನ ತಪ್ಪಲಿಲ್ಲ. “ಮಾಷ್ಟ್ರೇ, ಇದ್ರಲ್ಲಿ ಎಂತ ಬರ್ದಿದಾರೆ ಒಮ್ಮೆ ನೋಡಿ” ಎಂದು ಮಡಚಿದ ಕಾಗದ ಹಿಡಿದುಕೊಂಡು ಬರುತ್ತಿದ್ದರು. ಅಪ್ಪ ಕನ್ನಡಕ ಏರಿಸಿ, ಮೌನವಾಗಿ ಒಂದು ಸಲ ಓದಿ, ಎಲೆ ಅಡಿಕೆಯ ತಟ್ಟೆ ಈಚೆ ಸರಿಸಿ, ಆಮೇಲೆ ಹೇಳುತ್ತಿದ್ದರು. ಆ ಮೌನ ಬೇಕಾದ್ದಕ್ಕಿಂತ ಸ್ವಲ್ಪ ಉದ್ದವೇ ಇರುತ್ತಿತ್ತು. ಹೇಳಿ ಮುಗಿಸಿ, ನಮ್ಮ ಭಾಷೆಗೆ ಬಂದ ಗತಿ ನೋಡಿ ಎಂದು ಮರುಗುತ್ತಿದ್ದರು. ಆ ಮರುಕ ಸುಳ್ಳಾಗಿರಲಿಲ್ಲ.

ಒಂದು ದಿನ ನೆರೆಮನೆಯ ಹುಡುಗಿ, ಶಾಲೆಯಲ್ಲಿ ಮಲಯಾಳ ಕಲಿತವಳು, ತನ್ನ ಅಜ್ಜನಿಗೆ ಬಂದ ನೋಟೀಸನ್ನು ತಾನೇ ಓದಿ ಹೇಳಿದಳಂತೆ. ಸುದ್ದಿ ಕೇಳಿದ ಅಪ್ಪ, “ಅಕ್ಷರ ಸರಿಯಾಗಿಯೇ ಓದಿರಬಹುದು, ಅರ್ಥ ಅಷ್ಟು ಸುಲಭ ಇಲ್ಲ” ಎಂದರು. ನಾನು ಆಗ ಚಿಕ್ಕವ. ಅಪ್ಪ ಎಷ್ಟು ತಿಳಿದವರು ಎಂದು ಹೆಮ್ಮೆಪಟ್ಟೆ. ಈಗ ಅದೇ ಮಾತು ನೆನೆದರೆ ಅದರಲ್ಲಿ ನನ್ನ ಸ್ವರವೇ ಕೇಳುತ್ತದೆ. ಭಾಷೆಯ ಗೋಡೆ ಅಪ್ಪನಿಗೆ ನೋವು ಕೊಟ್ಟಿತ್ತು. ಆ ಗೋಡೆಗೆ ಇದ್ದ ಒಂದೇ ಕಿಂಡಿ ತಾನು ಎಂಬುದು ಅವರಿಗೆ ಗದ್ದುಗೆಯೂ ಆಗಿತ್ತು. ಅಪ್ಪ ಈಗಿಲ್ಲ, ಕೇಳಿದರೆ ಒಪ್ಪುತ್ತಲೂ ಇರಲಿಲ್ಲ. ನಾನು ಒಪ್ಪಿಕೊಳ್ಳುವುದು ನನ್ನ ವಿಷಯ: ಸರ್ವರ್‌ಗಳು ಚದುರಿಹೋಗಿವೆ, ಒಂದಕ್ಕೊಂದು ತಾಳಮೇಳವಿಲ್ಲ ಎಂದು ಎಲ್ಲರೆದುರು ಗೊಣಗುತ್ತಿದ್ದ ನಾನು, ಆ ಚದುರಿಕೆಯಿಂದಲೇ ದೊಡ್ಡವನಾಗಿದ್ದೆ.

2020ರ ಮಾರ್ಚಿನಲ್ಲಿ, ಕೋವಿಡ್ ಬಂದಾಗ, ಕರ್ನಾಟಕ ಗಡಿ ಮುಚ್ಚಿತು. ತಲಪಾಡಿಯಲ್ಲಿ ತಡೆ, ಒಳರಸ್ತೆಗಳಿಗೆ ಮಣ್ಣಿನ ರಾಶಿ. ದೊಡ್ಡ ಕಾಯಿಲೆಯೆಂದರೆ ಮಂಗಳೂರಿಗೇ ಓಡುವ ನಮ್ಮ ಜಿಲ್ಲೆಯವರಿಗೆ ಅದು ಜೀವದ ಪ್ರಶ್ನೆಯಾಯಿತು, ಜೀವಗಳು ಹೋದವು, ವಿಷಯ ಕೇರಳ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿಗೂ ಹೋಯಿತು. ಅದರೆದುರು ನನ್ನ ಸರ್ವರಿನ ಕಷ್ಟವನ್ನು ಕಷ್ಟವೆಂದು ಕರೆಯಲು ನಾಚಿಕೆಯಾಗುತ್ತದೆ. ಆದರೂ ಹೇಳಬೇಕು. ಐವತ್ತು ಕಿಲೋಮೀಟರ್ ಆಚೆ ಮಂಗಳೂರಿನ ಕೋಣೆಯಲ್ಲಿ ಒಂದು ಹೋಸ್ಟ್ ಮಲಗಿತು. ಕೋಣೆಯ ಬಳಿ ಇದ್ದವರು ಕಾವಲುಗಾರ ಒಬ್ಬರೇ. “ಸಾರ್, ಈಗ ಎಂತ ಒತ್ಬೇಕು?” ಎಂದು ಅವರು ಕೇಳುವುದು, ಹಸಿರು ದೀಪದ ಕೆಳಗಿನ ಗುಂಡಿ ಎಂದು ನಾನು ಹೇಳುವುದು, ಹೀಗೆ ಫೋನಿನಲ್ಲೇ ಅದನ್ನು ಎಬ್ಬಿಸಿದೆವು. ಬೆಂಗಳೂರಿನ ಸಹೋದ್ಯೋಗಿಗೆ ಪಾಸ್‌ವರ್ಡ್ ಕೊಟ್ಟು, ನೀನೇ ನೋಡು ಎನ್ನುವ ದಾರಿಯೂ ಇತ್ತು. ಅದು ನನಗೆ ಹೊಳೆದಿತ್ತು. ಆ ದಾರಿ ಹಿಡಿಯಲಿಲ್ಲ. ಗಡಿಯಾಚೆಯ ಯಂತ್ರವನ್ನು ಮನೆಯ ಚಾವಡಿಯಲ್ಲಿ ಕೂತು ಎಬ್ಬಿಸಿದೆ ಎಂಬ ಕತೆ ನನಗೆ ಬೇಕಾಗಿತ್ತು. ಆಮೇಲೆ ಅದನ್ನು ಹಲವರಿಗೆ ಹೇಳಿದ್ದೇನೆ.

2023ರ ಫೆಬ್ರವರಿ ಮೊದಲ ವಾರ ಇಎಸ್‌ಎಕ್ಸ್‌ಐ-ಆರ್ಗ್ಸ್ ಎಂಬ ಸುಲಿಗೆ ತಂತ್ರಾಂಶ ಯುರೋಪು, ಅಮೆರಿಕಗಳಲ್ಲಿ ವಿಎಂವೇರಿನ ಇದೇ ಹೈಪರ್‌ವೈಸರ್ ಓಡುತ್ತಿದ್ದ ಸಾವಿರಾರು ಹೋಸ್ಟ್‌ಗಳ ಕಡತಗಳಿಗೆ ಬೀಗ ಜಡಿಯಿತು. ಅದು ನುಗ್ಗಿದ ಕಂಡಿಯನ್ನು ಮುಚ್ಚುವ ಪ್ಯಾಚ್ 2021ರ ಫೆಬ್ರವರಿಯಲ್ಲೇ ಬಂದಿತ್ತು. ಎರಡು ವರ್ಷ ಯಾರೂ ಹಾಕದೆ ಉಳಿದ ಯಂತ್ರಗಳೇ ಅದಕ್ಕೆ ತುತ್ತು. ನಮ್ಮಲ್ಲಿ ಯಾವುದು ಯಾವ ಸ್ಥಿತಿಯಲ್ಲಿದೆ ಎಂದು ಮೇಲಿನವರು ಕೇಳಿದರು. ಉತ್ತರ ಕೊಡಲು ನಾನು ಒಂದೊಂದೇ ವಿಸೆಂಟರಿಗೆ ಲಾಗಿನ್ ಆಗಿ, ನೋಟುಬುಕ್ಕು ತಿರುವಿ, ನೆನಪನ್ನು ಕೆದಕಬೇಕಾಯಿತು. ನಮಗೆ ಏನೂ ಆಗಲಿಲ್ಲ. ಹೊರಗಿನ ಇಂಟರ್‌ನೆಟ್ಟಿಗೆ ನಮ್ಮ ಹೋಸ್ಟ್‌ಗಳು ಕಾಣುತ್ತಿರಲಿಲ್ಲ. ಒಂದು ಸಂಸ್ಥೆಯ ಕ್ಷೇಮಸಮಾಚಾರ ಒಬ್ಬನ ತಲೆಯಲ್ಲಿದೆ ಎಂಬುದು ಮಾತ್ರ ಎಲ್ಲರಿಗೂ ಕಂಡುಹೋಯಿತು. ಅವರು ಗಾಬರಿಪಟ್ಟರು. ನನಗೆ, ಕೆಲವು ಗಂಟೆ, ಗೌರವ ಸಿಕ್ಕಿದಂತಾಗಿತ್ತು.

ಅದೇ ವರ್ಷ ನವೆಂಬರಿನಲ್ಲಿ ಬ್ರಾಡ್‌ಕಾಂ ಕಂಪನಿ ವಿಎಂವೇರನ್ನು ಕೊಂಡಿತು. ಡಿಸೆಂಬರಿನಲ್ಲಿ ಒಮ್ಮೆ ಕೊಂಡು ಶಾಶ್ವತವಾಗಿ ಬಳಸುವ ಪರವಾನಗಿಯ ಮಾರಾಟ ನಿಂತು, ಎಲ್ಲವೂ ಚಂದಾ ಪದ್ಧತಿಗೆ ಬಂತು. ಹೈಪರ್‌ವೈಸರ್, ವಿಸೆಂಟರ್ ಎರಡೂ ಸೇರಿದ ವಿಸ್ಫಿಯರ್‌ನ 7ನೇ ಆವೃತ್ತಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 2ಕ್ಕೆ ಮುಗಿಯುವುದೂ ಮೊದಲೇ ಗೊತ್ತಿತ್ತು. ಹೇಗೂ ಚಂದಾ ಕಟ್ಟಬೇಕು, ಹೇಗೂ ಅಪ್‌ಗ್ರೇಡ್ ಮಾಡಬೇಕು, ಅಂದ ಮೇಲೆ ಮೂರೂ ಕೋಣೆಗಳನ್ನು ಒಂದೇ ಖಾಸಗಿ ಕ್ಲೌಡಿನ ಆಡಳಿತಕ್ಕೆ ತನ್ನಿ ಎಂದಿತು ಆಡಳಿತ ಮಂಡಳಿ. ವಿಎಂವೇರ್ ಕ್ಲೌಡ್ ಫೌಂಡೇಶನ್ ಎಂಬ ಏರ್ಪಾಡು ಮೊದಲಿಂದಲೂ ಇತ್ತು, ಆದರೆ ಅದನ್ನು ಹೊಸ ಯಂತ್ರಗಳ ಮೇಲೆ ತಳದಿಂದ ಕಟ್ಟಿ, ಹಳೆಯದನ್ನೆಲ್ಲ ಅಲ್ಲಿಗೆ ಸಾಗಿಸಬೇಕಾಗಿತ್ತು. 2024ರ ಜುಲೈಯಲ್ಲಿ ಬಂದ 5.2ನೇ ಆವೃತ್ತಿಯಲ್ಲಿ ಇದು ಬದಲಾಯಿತು. ಈಗಾಗಲೇ ಓಡುತ್ತಿರುವ ವಿಸೆಂಟರುಗಳನ್ನು, ಹೋಸ್ಟ್‌ಗಳ ಗುಂಪುಗಳಾದ ಕ್ಲಸ್ಟರುಗಳನ್ನು ಇದ್ದಲ್ಲಿಯೇ, ನಿಲ್ಲಿಸದೆಯೇ, ಒಳಕ್ಕೆ ತೆಗೆದುಕೊಳ್ಳುವ ಸಾಧನವೊಂದು ಅದರ ಜೊತೆ ಬಂತು.

ನಾನು ವಿರೋಧಿಸಿದೆ. ಓಡುತ್ತಿರುವುದನ್ನು ಯಾಕೆ ಮುಟ್ಟುವುದು ಎಂದೆ. ಆಡಳಿತಕ್ಕೆಂದೇ ಬರುವ ಹೊಸ ಯಂತ್ರಗಳು ನುಂಗುವ ಮೆಮೊರಿಯ ಲೆಕ್ಕ ಕೊಟ್ಟೆ. ಇವು ಸುಳ್ಳು ಕಾರಣಗಳಲ್ಲ. ಸಣ್ಣ ಸಂಸ್ಥೆಗೆ ಈ ಏರ್ಪಾಡು ಭಾರವೇ. ಆದರೆ ಸಭೆಯಲ್ಲಿ ನಾನು ನೆಚ್ಚಿಕೊಂಡದ್ದು ಬೇರೆ ಬಾಣ. “ವಿಲೀನ ಅಂದ್ರೆ ಎಂತ ಅಂತ ಕಾಸರಗೋಡಿನವರಿಗೆ ನೀವು ಹೇಳಿಕೊಡ್ಬೇಕಾಗಿಲ್ಲ” ಎಂದೆ. ದೂರದ ಒಂದು ಕೇಂದ್ರದಿಂದ ನಿಯಮ ಬಂದರೆ ಅಂಚಿನಲ್ಲಿರುವವರ ಗತಿ ಏನಾಗುತ್ತದೆ ಎಂದು ವಿವರಿಸಿದೆ. ಮಹಾಜನ ವರದಿಯನ್ನೂ ಎಳೆದು ತಂದೆ. ಸಭೆ ಒಂದು ಕ್ಷಣ ಸುಮ್ಮನಾಯಿತು. ಪಯ್ಯನ್ನೂರಿನಿಂದ ಬಂದು ಮಂಗಳೂರಿನಲ್ಲಿ ಕನ್ನಡ ಕಲಿತ, ನನಗಿಂತ ಬಹಳ ಚಿಕ್ಕ ವಯಸ್ಸಿನ ಸಹೋದ್ಯೋಗಿ ಮೆಲ್ಲಗೆ ಕೇಳಿದಳು: “ಸಾರ್, ಸರ್ವರಿಗೆ ಮಾತೃಭಾಷೆ ಉಂಟಾ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬರುವ ದಾರಿಯುದ್ದಕ್ಕೂ ಆ ಪ್ರಶ್ನೆ ಬಿಡಲಿಲ್ಲ. ನಮ್ಮ ಊರವರ ಒಂದು ನಿಜವಾದ ಗಾಯವನ್ನು ನನ್ನ ಕುರ್ಚಿ ಉಳಿಸಿಕೊಳ್ಳಲು ಬಳಸಿದೆನೇ? ಹೌದು ಅನ್ನಿಸಿತು. ಗಾಯ ಇಲ್ಲವೆಂದಲ್ಲ. 2017ರಲ್ಲಿ ಕೇರಳ ಶಾಲೆಗಳಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಕನ್ನಡ ಮಾಧ್ಯಮದ ಮಕ್ಕಳ ಮುಂದೆ ಕನ್ನಡ ಬಾರದ ಅಧ್ಯಾಪಕರು ನಿಂತರೆ ಆ ಮಕ್ಕಳು ಕಳೆದುಕೊಳ್ಳುವುದಕ್ಕೆ ಲೆಕ್ಕವಿಲ್ಲ. ಆ ನೋವಿಗೆ ಹಕ್ಕುದಾರರು ಆ ಮಕ್ಕಳು. ಮಂಗಳೂರಿನ ಹವಾನಿಯಂತ್ರಿತ ಕೋಣೆಯ ಸಭೆಯಲ್ಲಿ ಅದನ್ನು ನಾನು ಸಾಲ ತಂದು ಖರ್ಚು ಮಾಡಿದೆ.

ನಮ್ಮ ಕಣ್ಣೆದುರೇ ನಡೆದ ಇನ್ನೊಂದು ವಿಲೀನವನ್ನು ಸಭೆಯಲ್ಲಿ ನಾನು ಬೇಕೆಂದೇ ಎತ್ತಲಿಲ್ಲ. 2019ರ ನವೆಂಬರ್ 29ರಂದು ಕಾಸರಗೋಡಿನದ್ದೂ ಸೇರಿ 13 ಜಿಲ್ಲಾ ಸಹಕಾರಿ ಬ್ಯಾಂಕುಗಳು ರಾಜ್ಯ ಸಹಕಾರಿ ಬ್ಯಾಂಕಿನೊಂದಿಗೆ ಕೂಡಿ ಕೇರಳ ಬ್ಯಾಂಕ್ ಆದವು. ಹೊರಗುಳಿದಿದ್ದ ಮಲಪ್ಪುರಂ 2023ರ ಜನವರಿಯಲ್ಲಿ ಸೇರಿತು. ಕಾಗದದ ಮೇಲೆ ಒಂದಾಗಲು ಒಂದು ದಿನ ಸಾಕು. ಬೇರೆ ಬೇರೆ ಸಾಫ್ಟ್‌ವೇರಿನಲ್ಲಿದ್ದ ಖಾತೆಗಳು ಒಂದೇ ವ್ಯವಸ್ಥೆಗೆ ಬರಲು ವರ್ಷಗಳು ಹಿಡಿದವು. ಒಬ್ಬೊಬ್ಬರ ಸಾಲ, ಠೇವಣಿ, ಬಡ್ಡಿಯ ಲೆಕ್ಕವನ್ನು ಹಳೆಯದರೊಡನೆ ತಾಳೆ ನೋಡದೆ ಆಗುವ ಕೆಲಸವಲ್ಲ ಅದು. ನಿಧಾನವಾಗಿ, ಇದ್ದದ್ದು ಏನೆಂದು ಮೊದಲು ತಿಳಿದುಕೊಂಡು ಮಾಡಿದರೆ ಒಂದಾಗುವುದು ಸಾಧ್ಯ ಎಂಬುದಕ್ಕೆ ಸಾಕ್ಷಿ ನಮ್ಮ ಪೇಟೆಯಲ್ಲೇ ಇತ್ತು. ನನ್ನ ವಾದಕ್ಕೆ ಅದು ಅನುಕೂಲವಾಗಿರಲಿಲ್ಲ, ಅಷ್ಟೇ.

ಇನ್ನೊಂದು ಪ್ರಶ್ನೆಯನ್ನೂ ನಾನು ಎತ್ತಬಹುದಿತ್ತು, ಎತ್ತಲಿಲ್ಲ. ಮುಕ್ತ ತಂತ್ರಾಂಶದ ದೊಡ್ಡ ಪರಂಪರೆ ಇರುವ ರಾಜ್ಯ ಇದು. 2001ರಲ್ಲಿ ಐಟಿ ಅಟ್ ಸ್ಕೂಲ್ ಆಗಿ ಶುರುವಾಗಿ 2017ರಲ್ಲಿ ಕೈಟ್ ಆದ ಸಂಸ್ಥೆ ಇಲ್ಲಿನ ಸರಕಾರಿ ಶಾಲೆಗಳ ಕಂಪ್ಯೂಟರುಗಳನ್ನು ಗ್ನು ಲಿನಕ್ಸ್ ಮೇಲೆ ನಡೆಸುತ್ತಿದೆ. ನಾವೂ ಕೆವಿಎಂ ಅಥವಾ ಪ್ರಾಕ್ಸ್‌ಮಾಕ್ಸ್ ಎಂಬ ಮುಕ್ತ ಹೈಪರ್‌ವೈಸರ್ ವ್ಯವಸ್ಥೆಗಳ ಕಡೆ ಯಾಕೆ ಹೋಗಬಾರದು? ಒಂದೇ ಕಂಪನಿಯ ದರಪಟ್ಟಿಗೆ ಕತ್ತು ಕೊಡುವುದು ಯಾಕೆ? ತೂಕದ ಪ್ರಶ್ನೆ. ಆದರೆ ನನ್ನ ಅನ್ನ ವಿಎಂವೇರಿನ ವಿದ್ಯೆಯದ್ದು. ಅದನ್ನು ಬಿಟ್ಟರೆ ನಾನೂ ಆ ಪಯ್ಯನ್ನೂರಿನ ಹುಡುಗಿಯೂ ಒಂದೇ ಬೆಂಚಿನ ವಿದ್ಯಾರ್ಥಿಗಳಾಗುತ್ತಿದ್ದೆವು. ಕೇಂದ್ರದ ಯಜಮಾನಿಕೆಯ ಮೇಲೆ ಭಾಷಣ ಬಿಗಿದವನು ಈ ಯಜಮಾನಿಕೆಯ ಬಗ್ಗೆ ತುಟಿ ಬಿಚ್ಚಲಿಲ್ಲ.

ನನ್ನ ವಿರೋಧ ನಿಲ್ಲಲಿಲ್ಲ, ಕೆಲಸ ಶುರುವಾಯಿತು. ಅಡೂರು ಹೋಸ್ಟ್ ಒಂದನ್ನು ಬಿಟ್ಟು ಎಲ್ಲವನ್ನೂ ವಿಸ್ಫಿಯರ್ 8ನೇ ಆವೃತ್ತಿಗೆ ತಂದುಕೊಂಡ ಮೇಲೆ, ಇದ್ದಲ್ಲಿಯೇ ಒಳಕ್ಕೆ ತೆಗೆದುಕೊಳ್ಳುವ ಆ ಸಾಧನವನ್ನು ಓಡಿಸಿದೆವು. ಅದರ ಮುಖ್ಯ ಆಜ್ಞೆಗಳು ಮೂರು: ಚೆಕ್, ಕನ್ವರ್ಟ್, ಇಂಪೋರ್ಟ್. ಆಡಳಿತದ ಕೇಂದ್ರವಾಗಬೇಕಾದ ವಿಸೆಂಟರಿಗೆ ಕನ್ವರ್ಟ್, ಉಳಿದವಕ್ಕೆ ಇಂಪೋರ್ಟ್. ಎರಡಕ್ಕೂ ಮೊದಲು ಚೆಕ್. ಚೆಕ್ ಏನನ್ನೂ ಬದಲಾಯಿಸುವುದಿಲ್ಲ. ಇರುವುದನ್ನು ಓದಿಕೊಂಡು, ಎಲ್ಲಿ ಹೊಂದುವುದಿಲ್ಲ ಎಂದು ಪಟ್ಟಿ ಕೊಡುತ್ತದೆ.

ಪಟ್ಟಿ ಉದ್ದವಾಗಿತ್ತು. ಯಾವ ಕ್ಲಸ್ಟರಿಗೂ ಸೇರದೆ ಒಂಟಿಯಾಗಿದ್ದ ಅಡೂರು ಹೋಸ್ಟ್ ಆಗದು ಎಂದಿತು. ಮಂಗಳೂರು ಮತ್ತು ಬೆಂಗಳೂರಿನ ವಿಸೆಂಟರುಗಳನ್ನು ಒಂದೇ ಲಾಗಿನ್ನಿನಲ್ಲಿ ಕಾಣಲೆಂದು ಈಚೆಗಷ್ಟೇ ಜೋಡಿಸಿದ್ದೆವು. ಆ ಜೋಡಣೆಯನ್ನು ಬಿಡಿಸಿ ಬನ್ನಿ ಎಂದಿತು. ಡಿಎನ್‌ಎಸ್‌ನಲ್ಲಿ (ಯಂತ್ರಗಳ ಹೆಸರು, ವಿಳಾಸಗಳನ್ನು ಜೋಡಿಸುವ ವ್ಯವಸ್ಥೆಯಲ್ಲಿ) ಕೆಲವು ಹೆಸರುಗಳಿಗೆ ವಿಳಾಸ ಸಿಗುತ್ತಿತ್ತು, ವಿಳಾಸದಿಂದ ಹೆಸರು ಸಿಗುತ್ತಿರಲಿಲ್ಲ. ಒಂದು ಹೋಸ್ಟಿನ ಗಡಿಯಾರ ಹಿಂದೆ ಬಿದ್ದಿತ್ತು. ಇವೆಲ್ಲ ನನಗೆ ಗೊತ್ತಿದ್ದ ಸಂಗತಿಗಳೇ. ಗೊತ್ತಿದ್ದು, ಇರಲಿ ಬಿಡು ಎಂದು ಬಿಟ್ಟವು. ಅವು ಪರದೆಯ ಮೇಲೆ ಎಲ್ಲರೂ ಓದುವ ಅಕ್ಷರದಲ್ಲಿ ಸಾಲುಗಟ್ಟಿ ನಿಂತಾಗ ಮೈ ಬಿಸಿಯಾಯಿತು. ತಪಾಸಣೆಯ ಪಟ್ಟಿ ಎಂದರೆ ನನಗೆ ಯಾಕೆ ಇಷ್ಟು ಸಿಟ್ಟು ಎಂದು ಆ ರಾತ್ರಿ ಯೋಚಿಸಿದೆ. ಸರ್ವರ್ ನಿಂತುಹೋದರೆ ನಾನು ಹೆದರುವುದಿಲ್ಲ, ಎಬ್ಬಿಸುವುದು ಗೊತ್ತು, ಎಬ್ಬಿಸಿದರೆ ಹೆಸರು ಬರುತ್ತದೆ. ನನ್ನ ಕೋಣೆಯನ್ನು ಬೇರೆಯವರು ಓದಬಲ್ಲರು ಎಂಬುದೇ ನನ್ನ ಭಯ.

ಹೋಸ್ಟ್‌ಗಳ ಹೆಸರಿನ ವಿಷಯದಲ್ಲಿ ಜಗಳಕ್ಕೆ ಮೊದಲೇ ತಯಾರಾಗಿದ್ದೆ. 2021ರಲ್ಲಿ ಕಾಸರಗೋಡಿನ ಕನ್ನಡ ಊರುಗಳ ಹೆಸರನ್ನು ಮಲಯಾಳೀಕರಿಸುತ್ತಾರೆಂಬ ಸುದ್ದಿ ಎದ್ದು, ಕರ್ನಾಟಕದ ನಾಯಕರು ಆಕ್ಷೇಪಿಸಿ, ಅಂಥ ತೀರ್ಮಾನವೇ ಇಲ್ಲವೆಂದು ಕೇರಳದ ಕಡೆಯಿಂದ ಉತ್ತರ ಬಂದದ್ದು ನೆನಪಿರಬಹುದು. ಪೆರ್ಲ, ಬಾಯಾರುಗಳನ್ನು ತೆಗೆದು ಅಂಕೆಸಂಖ್ಯೆಯ ಹೆಸರಿಡಿ ಎನ್ನುತ್ತಾರೆ, ಆಗ ಏನು ಹೇಳಬೇಕೆಂದು ವಾಕ್ಯಗಳನ್ನು ಮನಸ್ಸಿನಲ್ಲೇ ಜೋಡಿಸಿಟ್ಟಿದ್ದೆ. ಯಾರೂ ಕೇಳಲೇ ಇಲ್ಲ. ಸಾಧನಕ್ಕೆ ಹೆಸರು ಯಾವುದಾದರೂ ಸರಿ, ಡಿಎನ್‌ಎಸ್‌ನಲ್ಲಿ ಎರಡೂ ಕಡೆಯಿಂದ ಒಂದೇ ಉತ್ತರ ಬಂದರಾಯಿತು. ಪೆರ್ಲ ಪೆರ್ಲವಾಗಿಯೇ, ಬಾಯಾರು ಬಾಯಾರಾಗಿಯೇ ಒಳಗೆ ಹೋದವು. ಜೋಡಿಸಿಟ್ಟ ವಾಕ್ಯಗಳು ಬಾಯಲ್ಲೇ ಉಳಿದು, ಗೆದ್ದಾಗಲೂ ಸೋತಂತೆ ಕಂಡಿತು. ಅಡೂರು ಮಾತ್ರ ಹೋಯಿತು. ಅದರ ಪ್ರೊಸೆಸರ್ ಬಹಳ ಹಳೆಯದು, ಹೊಸ ಆವೃತ್ತಿ ಅದನ್ನು ಒಪ್ಪುತ್ತಿರಲಿಲ್ಲ.

ಪಾಸ್‌ವರ್ಡಿನದ್ದು ಬೇರೆಯೇ ಸಂಕಟ. ಒಳಗೆ ತೆಗೆದುಕೊಂಡ ಮೇಲೆ ಹೋಸ್ಟ್‌ಗಳ ರೂಟ್ ಪಾಸ್‌ವರ್ಡುಗಳನ್ನು ಎಸ್‌ಡಿಡಿಸಿ ಮ್ಯಾನೇಜರ್ ಎಂಬ ಕೇಂದ್ರ ವ್ಯವಸ್ಥೆ ನೋಡಿಕೊಳ್ಳುತ್ತದೆ. ಹೇಳಿದರೆ ಅದೇ ಹೊಸದು ಹುಟ್ಟಿಸಿ ಹಳತನ್ನು ಬದಲಾಯಿಸುತ್ತದೆ. ಬಾಯಾರಿನ ಪಾಸ್‌ವರ್ಡ್ ಮೊದಲ ಸಲ ಹಾಗೆ ಬದಲಾದಾಗ, ನಾನೇ ಹೆಸರಿಟ್ಟ ಯಂತ್ರದ ಬಾಗಿಲಿನ ಕೀಲಿ ನನ್ನ ನೆನಪಿನಲ್ಲಿರಲಿಲ್ಲ. ಬೇಕಾದರೆ ತೆಗೆದು ನೋಡಬಹುದು, ಅನುಮತಿ ಇರುವ ಇನ್ನಿಬ್ಬರ ಹಾಗೆ. ನೀಲಿ ನೋಟುಬುಕ್ಕಿನ ಮುಕ್ಕಾಲು ಪಾಲು ಆ ವಾರ ರದ್ದಿಯಾಯಿತು.

ಅಪ್‌ಗ್ರೇಡಿನ ಬಗ್ಗೆ, ಅಂದರೆ ಒಳಗೆ ಬಂದ ಮೇಲೆ ಮಾಡಿದ ಮೊದಲನೆಯದರ ಬಗ್ಗೆ, ಹೇಳಲು ಹೆಚ್ಚಿಲ್ಲ, ಏಕೆಂದರೆ ಹೆಚ್ಚೇನೂ ಆಗಲಿಲ್ಲ. ಮೊದಲು ಎಸ್‌ಡಿಡಿಸಿ ಮ್ಯಾನೇಜರ್, ಆಮೇಲೆ ನೆಟ್‌ವರ್ಕಿನ ಎನ್‌ಎಸ್‌ಎಕ್ಸ್, ಆಮೇಲೆ ವಿಸೆಂಟರ್, ಕೊನೆಗೆ ಹೋಸ್ಟ್‌ಗಳು: ಕ್ರಮ ಇದು, ತಪ್ಪಿಸಲು ಬಿಡುವುದಿಲ್ಲ. ಪ್ರತಿ ಕ್ಲಸ್ಟರಿಗೂ ಹೈಪರ್‌ವೈಸರಿನ ಯಾವ ಆವೃತ್ತಿ, ಯಾವ ಡ್ರೈವರು, ಯಾವ ಫರ್ಮ್‌ವೇರ್ ಇರಬೇಕೆಂದು ಒಂದು ಇಮೇಜ್ ಗೊತ್ತುಮಾಡುತ್ತೇವೆ. ಯಾವ ಹೋಸ್ಟ್ ಅದರಿಂದ ಬೇರೆಯಾಗಿದೆಯೋ ಅದನ್ನು ವ್ಯವಸ್ಥೆಯೇ ತೋರಿಸುತ್ತದೆ. ಒಂದು ಹೋಸ್ಟಿನ ಮೇಲಿನ ವರ್ಚುವಲ್ ಯಂತ್ರಗಳೆಲ್ಲ ಪಕ್ಕದವಕ್ಕೆ ಸಾಗುತ್ತವೆ, ಖಾಲಿಯಾದ ಹೋಸ್ಟ್ ಹೊಸದಾಗಿ ಎದ್ದು ಬರುತ್ತದೆ, ಆಮೇಲೆ ಮುಂದಿನದು. ಪೆರ್ಲ ಒಂದು ಕಡೆ ಸಿಕ್ಕಿಕೊಂಡಿತು. ಅದರ ಮೇಲಿದ್ದ ಒಂದು ವರ್ಚುವಲ್ ಯಂತ್ರದಲ್ಲಿ ಯಾವುದೋ ಕಾಲದಲ್ಲಿ ಜೋಡಿಸಿದ ಸಿಡಿಯ ಐಎಸ್‌ಒ ಕಡತ ಆ ಹೋಸ್ಟಿನದ್ದೇ ಡಿಸ್ಕಿನಲ್ಲಿತ್ತು, ಹಾಗಾಗಿ ಯಂತ್ರ ಕದಲಲಿಲ್ಲ. ನಾನು ನೋಟುಬುಕ್ಕಿಗೆ ಕೈ ಹಾಕುವಷ್ಟರಲ್ಲಿ ಪಯ್ಯನ್ನೂರಿನವಳು ಪರದೆಯ ಮೇಲಿನ ಎಚ್ಚರಿಕೆ ಓದಿ, ಐಎಸ್‌ಒ ಬಿಡಿಸಿ, ಮುಂದುವರಿಸಿದ್ದಳು. “ಆಯ್ತು ಸಾರ್” ಎಂದಳು. ಅಕ್ಷರವನ್ನೂ ಸರಿಯಾಗಿ ಓದಿದ್ದಳು, ಅರ್ಥವನ್ನೂ. ಅಪ್ಪನ ಮಾತು ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡೆ.

ಅಪ್‌ಗ್ರೇಡ್ ನಡೆದ ಆ ವಾರಾಂತ್ಯದಲ್ಲಿ ಯಾರೂ ಫೋನು ಮಾಡಲಿಲ್ಲ. ಸೋಮವಾರ ಮೂರು ಊರಿನ ಕಚೇರಿಗಳಲ್ಲೂ ಜನ ಬಂದು ಕೆಲಸಕ್ಕೆ ಕೂತರು, ಏನಾಯಿತೆಂದು ಅವರಿಗೆ ತಿಳಿಯಲೇ ಇಲ್ಲ. ಕೆಲಸ ಚೆನ್ನಾಗಿ ಆಯಿತೆಂಬುದಕ್ಕೆ ಬೇರೆ ಪ್ರಮಾಣ ಬೇಡ. ನನಗೆ ಮಾತ್ರ ಮನೆಯಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಫೋನು ಸರಿಯಿದೆಯೇ ಎಂದು ಹೆಂಡತಿಯ ಮೊಬೈಲಿನಿಂದ ನನ್ನ ನಂಬರಿಗೆ ಕರೆಮಾಡಿ ನೋಡಿದೆ.

ಹಾಗೆಂದು ನನ್ನ ಸಂಶಯಗಳೆಲ್ಲ ಹುರುಳಿಲ್ಲದವು ಎಂದು ಒಪ್ಪಲು ತಯಾರಿಲ್ಲ. ಎಲ್ಲವೂ ಒಂದು ಕೈಗೆ ಬಂದರೆ ಆ ಕೈಯ ಒಂದು ತಪ್ಪು ಮೂರೂ ಊರಿಗೆ ತಟ್ಟುತ್ತದೆ. ಕೇಂದ್ರದ ಕೀಲಿ ಕದ್ದವನಿಗೆ ಎಲ್ಲ ಬಾಗಿಲೂ ತೆರೆಯುತ್ತವೆ. ಎಸ್‌ಡಿಡಿಸಿ ಮ್ಯಾನೇಜರಿನ ಬ್ಯಾಕಪ್ ಹೊರಗಿನ ಬೇರೆ ಸರ್ವರಿನಲ್ಲಿ ಇರಲೇಬೇಕು. ಅದರ ಒಂದು ಪ್ರತಿ ಕಾಸರಗೋಡಿನ ಕೋಣೆಯಲ್ಲಿರಬೇಕೆಂದು ಹಟ ಹಿಡಿದೆ, ಒಪ್ಪಿದರು. ಗಡಿ ಇನ್ನೊಮ್ಮೆ ಮುಚ್ಚೀತು, ಮಳೆಗಾಲದಲ್ಲಿ ಲೈನು ಹೋದೀತು, ಆಗ ಬೇಕಾಗುತ್ತದೆ ಎಂಬುದು ಸರಿಯಾದ ಕಾರಣ. ನನ್ನ ಊರಲ್ಲಿ ಏನಾದರೊಂದು ಉಳಿಯಲಿ ಎಂಬುದೂ ಒಳಗಿತ್ತು. ಎರಡೂ ಕಾರಣಗಳು ಒಂದೇ ಕಡೆ ತೋರಿಸುವಾಗ ಯಾವುದು ನನ್ನನ್ನು ನಡೆಸಿತು ಎಂದು ಬೇರ್ಪಡಿಸಲು ಹೋಗಿ ಸೋತಿದ್ದೇನೆ. ಅಂಚಿನಲ್ಲಿರುವವನ ಮಾತು ಕೇಳದೆ ಒಂದುಗೂಡಿಸುವುದು ಅನ್ಯಾಯ ಎಂಬುದರಲ್ಲಿ ನನಗೆ ಈಗಲೂ ಎರಡು ಮಾತಿಲ್ಲ. ನಮ್ಮ ಸರ್ವರ್ ಕೋಣೆಯ ವಿಷಯದಲ್ಲಿ ಆ ಸಾಧನ ಮೊದಲು ಕೇಳಿಯೇ ಮುಂದುವರಿದದ್ದು. ಉತ್ತರ ಕೊಡಲು ಮನಸ್ಸಿಲ್ಲದಿದ್ದವನು ನಾನು.

ನಮ್ಮ ಜಿಲ್ಲೆಯ, ಗಡಿಯಾಚೆಯ ಸಹಕಾರಿ ಸಂಘ, ಶಾಲೆ, ಆಸ್ಪತ್ರೆಗಳಲ್ಲಿ ನನ್ನಂಥ ಒಬ್ಬೊಬ್ಬ ಇದ್ದೇ ಇರುತ್ತಾನೆ. ಆಡಳಿತ ಮಂಡಳಿಯವರಲ್ಲಿ ನನ್ನ ಬಿನ್ನಹ: ಅವನ ರಜೆಯ ದಿನ ಇನ್ನೊಬ್ಬರಿಂದ ಒಂದು ಹೋಸ್ಟಿನ ಪ್ಯಾಚ್ ಹಾಕಿಸಿ ನೋಡಿ. ಆಗದಿದ್ದರೆ ಅವನನ್ನು ಬೈಯಬೇಡಿ. ಕೂರಿಸಿಕೊಂಡು, ನೋಟುಬುಕ್ಕಿನಲ್ಲಿರುವುದನ್ನು ಎಲ್ಲರಿಗೂ ಓದಲಾಗುವಂತೆ ಬರೆಸಿಕೊಳ್ಳಿ, ಬರೆಯಲು ಸಂಬಳದ ಸಮಯವನ್ನೇ ಕೊಡಿ. ಆ ಒಬ್ಬನಿಗೂ ಒಂದು ಮಾತು, ಅಣ್ಣ: ಎಲ್ಲವನ್ನೂ ಒಂದೇ ಆಡಳಿತಕ್ಕೆ ತರುತ್ತೀರೋ, ಮುಕ್ತ ತಂತ್ರಾಂಶಕ್ಕೆ ಹೋಗುತ್ತೀರೋ, ಅದು ನಿಮ್ಮ ಲೆಕ್ಕಾಚಾರ. ಆದರೆ ತಪಾಸಣೆಯನ್ನು ಈ ತಿಂಗಳೇ ಮಾಡಿಸಿ. ವಿಸ್ಫಿಯರ್ 8ರ ಸಾಮಾನ್ಯ ಬೆಂಬಲವೂ 2027ರ ಅಕ್ಟೋಬರ್ 11ಕ್ಕೆ ಮುಗಿಯುತ್ತದೆ.